ರಿಪೇರ್, ಮೆಂಡ್, ಫಿಕ್ಸ್: ಒಂದು ಸಮಾನಾರ್ಥಗಣದ ವಿಮರ್ಶೆ

ಸಾರಾಂಶ

ಹಾಳಾದುದನ್ನು ಸರಿಪಡಿಸುವ ಕ್ರಿಯೆಯನ್ನು ಹೇಳುವ ಇಂಗ್ಲಿಷ್ ಕ್ರಿಯಾಪದಗಳನ್ನು ಪ್ರಿನ್ಸ್‌ಟನ್ ವರ್ಡ್‌ನೆಟ್ ಒಂದೇ ಸಮಾನಾರ್ಥಗಣದಲ್ಲಿ ಇರಿಸಿದೆ. ಈ ಗಣೀಕರಣವು ಪದಗಳ ಕರ್ಮಸ್ವರೂಪ, ಪೂರ್ವಕಲ್ಪನೆ ಮತ್ತು ಫಲಸ್ಥಿತಿ ಎಂಬ ಮೂರು ನೆಲೆಗಳ ವ್ಯತ್ಯಾಸವನ್ನು ಮರೆಸುತ್ತದೆ ಎಂಬುದು ಈ ಲೇಖನದ ವಾದ. ‘ರಿಪೇರ್’ ಪದವು ವಸ್ತುವಿನ ಸ್ವಂತ ವಿನ್ಯಾಸವನ್ನೂ, ‘ಫಿಕ್ಸ್’ ಬಳಸುವವರ ಉದ್ದೇಶವನ್ನೂ, ‘ಕರೆಕ್ಟ್’ ಹೊರಗಿನ ನಿಯಮವನ್ನೂ ಅಳತೆಗೋಲಾಗಿ ಇಟ್ಟುಕೊಳ್ಳುತ್ತವೆ ಎಂದು ನಾವು ಪ್ರತಿಪಾದಿಸುತ್ತೇವೆ. ಇಂಗ್ಲೆಂಡಿನ ಬಾಡಿಗೆ ಕಾನೂನು, ಕಟ್ಟಡ ಸಂರಕ್ಷಣೆಯ ಚರ್ಚೆ ಹಾಗೂ ಭಾಷಾವಿಜ್ಞಾನದ್ದೇ ಪರಿಭಾಷೆಯಿಂದ ಆಧಾರಗಳನ್ನು ಒದಗಿಸಿ, ಕನ್ನಡದ ಸಂವಾದಿ ಪದಗಳ ವಿಚಾರದಲ್ಲಿ ಇದರ ಪರಿಣಾಮವನ್ನು ಕೊನೆಯಲ್ಲಿ ಪರಿಶೀಲಿಸಿದ್ದೇವೆ.

ಪಾರಿಭಾಷಿಕ ಪದಗಳು: ಸಮಾನಾರ್ಥ, ಪೂರ್ವಕಲ್ಪನೆ, ಫಲಸ್ಥಿತಿ, ವರ್ಡ್‌ನೆಟ್, ಸಂವಾದ ವಿಶ್ಲೇಷಣೆ

1. ಪ್ರಶ್ನೆಯ ಸ್ವರೂಪ

ಜಾರ್ಜ್ ಮಿಲ್ಲರ್ ಅವರ ನೇತೃತ್ವದಲ್ಲಿ 1980ರ ದಶಕದ ನಡುವಿನಲ್ಲಿ ಆರಂಭವಾದ ಪ್ರಿನ್ಸ್‌ಟನ್ ವರ್ಡ್‌ನೆಟ್ ಇಂದು ಪದಾರ್ಥ ಸಂಶೋಧನೆಯ ಮೂಲ ಸಾಮಗ್ರಿಗಳಲ್ಲಿ ಒಂದು. ಅದರಲ್ಲಿ ‘ರಿಪೇರ್’, ‘ಮೆಂಡ್’, ‘ಫಿಕ್ಸ್’, ‘ಬುಷೆಲ್’, ‘ಡಾಕ್ಟರ್’, ‘ಫರ್ಬಿಷ್ ಅಪ್’, ‘ರಿಸ್ಟೋರ್’, ‘ಟಚ್ ಆನ್’ ಎಂಬ ಎಂಟು ಕ್ರಿಯಾರೂಪಗಳು ಒಂದೇ ಗಣದಲ್ಲಿವೆ. ಭಾಗವೊಂದನ್ನು ಬದಲಿಸುವುದರಿಂದಲೋ, ಹರಿದ ಅಥವಾ ಮುರಿದ ತುಂಡುಗಳನ್ನು ಕೂಡಿಸುವುದರಿಂದಲೋ ವಸ್ತುವನ್ನು ಮೊದಲಿನ ಸ್ಥಿತಿಗೆ ತರುವುದು ಎಂಬುದು ಈ ಗಣಕ್ಕೆ ಕೊಟ್ಟಿರುವ ವಿವರಣೆಯ ತಾತ್ಪರ್ಯ. ‘ರಿಪೇರ್’ ಪದವು ‘ರೆಕ್ಟಿಫೈ’, ‘ರೆಮಿಡಿಯೇಟ್’, ‘ರೆಮಿಡಿ’, ‘ಅಮೆಂಡ್’ ಪದಗಳೊಡನೆ ಮತ್ತೊಂದು ಗಣದಲ್ಲಿಯೂ ಕಾಣಿಸಿಕೊಳ್ಳುತ್ತದೆ; ಅಲ್ಲಿನ ಕರ್ಮ ವಸ್ತುವಲ್ಲ, ಕೊರತೆ ಅಥವಾ ಲೋಪ.

ಈ ವಿಂಗಡಣೆಯನ್ನು ತಪ್ಪೆಂದು ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಮಾಹಿತಿ ಹುಡುಕಾಟದಂತಹ ಕೆಲಸಗಳಿಗೆ ಇಷ್ಟು ಸ್ಥೂಲವಾದ ಗಣ ಸಾಕಾಗಬಹುದು. ಆದರೆ ಇದೇ ಗಣವನ್ನು ಅರ್ಥವರ್ಣನೆಯೆಂದು ಸ್ವೀಕರಿಸಿದಾಗ, ಅದರಲ್ಲಿಯೂ ಅದನ್ನು ಬೇರೆ ಭಾಷೆಗಳ ಪದಜಾಲಕ್ಕೆ ಆಧಾರವಾಗಿ ಬಳಸಿದಾಗ, ಕಳೆದುಹೋಗುವುದು ಅಲಂಕಾರದ ಛಾಯೆಗಳಲ್ಲ. ಮುಂದೆ ಕಾಣುವಂತೆ, ಒಂದು ಕುಟುಂಬ ವಾಸಿಸುವ ಮನೆಯ ಹೊಣೆ ಯಾರದೆಂಬ ನಿರ್ಣಯವೇ ಇಂತಹ ಒಂದು ಪದದ ಅರ್ಥದ ಮೇಲೆ ನಿಂತದ್ದುಂಟು.

2. ಆದೇಶ ಪರೀಕ್ಷೆಯ ಮಿತಿ

ವರ್ಡ್‌ನೆಟ್‌ನ ರಚನಕಾರರು ಸಮಾನಾರ್ಥವನ್ನು ಸಡಿಲವಾಗಿಯೇ ನಿರೂಪಿಸಿದ್ದಾರೆ: ಯಾವುದಾದರೂ ಒಂದು ಸಂದರ್ಭದಲ್ಲಿ ಒಂದರ ಬದಲು ಇನ್ನೊಂದನ್ನು ಆದೇಶಿಸಿದರೆ ವಾಕ್ಯದ ಸತ್ಯಾಸತ್ಯತೆ ಕೆಡದಿದ್ದರೆ ಸಾಕು. ಈ ನಿರೂಪಣೆಯ ಸೌಲಭ್ಯವೇ ಅದರ ದೌರ್ಬಲ್ಯವೂ ಹೌದು. ಕಾಲು ಮುರಿದ ಕುರ್ಚಿಯ ಸಂದರ್ಭವನ್ನು ಆರಿಸಿಕೊಂಡರೆ ಮೂರೂ ಪದಗಳು ಸಲ್ಲುತ್ತವೆ:

(1) ರಿಪೇರ್ ದ ಚೇರ್ / ಮೆಂಡ್ ದ ಚೇರ್ / ಫಿಕ್ಸ್ ದ ಚೇರ್

ಕರ್ಮವನ್ನು ಬದಲಿಸಿದೊಡನೆ ಗಣ ಒಡೆಯುತ್ತದೆ:

(2) ಫಿಕ್ಸ್ ದ ಪ್ರಾಬ್ಲಮ್ / *ಮೆಂಡ್ ದ ಪ್ರಾಬ್ಲಮ್ / ??ರಿಪೇರ್ ದ ಪ್ರಾಬ್ಲಮ್
(3) ರಿಪೇರ್ ದ ಡ್ಯಾಮೇಜ್ / ಫಿಕ್ಸ್ ದ ಡ್ಯಾಮೇಜ್ / *ರಿಸ್ಟೋರ್ ದ ಡ್ಯಾಮೇಜ್
(4) ಕರೆಕ್ಟ್ ದ ಎರರ್ / ರೆಮಿಡಿ ದ ಡಿಫೆಕ್ಟ್ / *ಕರೆಕ್ಟ್ ದ ರೂಫ್ / *ರೆಮಿಡಿ ದ ಚೇರ್

ಇಲ್ಲಿ ಎರಡು ಬಗೆಯ ಕರ್ಮಗಳನ್ನು ಬೇರ್ಪಡಿಸಬೇಕು. ಮೊದಲನೆಯದು ದೋಷಕ್ಕೆ ಆಶ್ರಯವಾದ ವಸ್ತು: ಕುರ್ಚಿ, ಚಾವಣಿ, ಕಾಲುಚೀಲ. ಎರಡನೆಯದು ದೋಷವೇ: ತೂತು, ಹಾನಿ, ತಪ್ಪು, ತೊಂದರೆ. ‘ಫಿಕ್ಸ್’ ಎರಡನ್ನೂ ನಿರ್ಬಂಧವಿಲ್ಲದೆ ಸ್ವೀಕರಿಸುತ್ತದೆ. ‘ರೆಮಿಡಿ’, ‘ರೆಕ್ಟಿಫೈ’ ಪದಗಳಿಗೆ ದೋಷವೇ ಕರ್ಮ. ‘ರಿಸ್ಟೋರ್’ ಆಶ್ರಯವನ್ನಾಗಲಿ, ಮರಳಿ ಬರುವ ಗುಣ ಅಥವಾ ವ್ಯವಸ್ಥೆಯನ್ನಾಗಲಿ ಬಯಸುತ್ತದೆಯೇ ಹೊರತು ದೋಷವನ್ನು ಎಂದಿಗೂ ಬಯಸದು. ‘ರಿಸ್ಟೋರ್ ಆರ್ಡರ್’ ಎಂಬಲ್ಲಿ ಕರ್ಮಸ್ಥಾನದಲ್ಲಿರುವುದು ಮರಳಿ ಬರಬೇಕಾದ ಸುವ್ಯವಸ್ಥೆ. ‘ರಿಪೇರ್’ ವಸ್ತುವಿನೊಡನೆ ಸಹಜವಾಗಿಯೂ, ದೋಷಗಳ ಪೈಕಿ ಹಾನಿಯ ಜಾತಿಗೆ ಸೇರಿದವುಗಳೊಡನೆ ಮಾತ್ರ ಸಲೀಸಾಗಿಯೂ ಬರುತ್ತದೆ. ‘ರಿಪೇರ್ ಆ್ಯನ್ ಓವರ್‌ಸೈಟ್’ ಎಂಬ ಬಳಕೆಯು ಗ್ರಾಂಥಿಕ ಶೈಲಿಗೆ ಸೀಮಿತ.

ವರ್ಡ್‌ನೆಟ್‌ನ ಎರಡನೆಯ ಗಣವು ಈ ಭೇದವನ್ನು ಅರ್ಧ ಗುರುತಿಸುತ್ತದೆ. ಆದರೆ ದೋಷವನ್ನು ಕರ್ಮವಾಗಿ ಪಡೆಯುವ ಕ್ರಿಯಾಪದಗಳಲ್ಲಿ ದಿನಬಳಕೆಗೆ ಅತಿ ಹತ್ತಿರವಾದ ‘ಫಿಕ್ಸ್’ ಅಲ್ಲಿಲ್ಲ. ದೋಷದೊಡನೆ ಅಪರೂಪಕ್ಕೆ ಬರುವ ‘ರಿಪೇರ್’ ಇದೆ. ‘ರಿಪೇರ್ ದ ಪ್ರಾಬ್ಲಮ್’ ಎಂದು ಬರೆಯುವ ಕಲಿಕಾರ್ಥಿಗೆ ಈ ಗಣಗಳಲ್ಲಿ ಎಚ್ಚರಿಕೆಯ ಮಾತೇನೂ ಸಿಗುವುದಿಲ್ಲ.

3. ‘ರಿಪೇರ್’ ಏನನ್ನು ಪೂರ್ವಕಲ್ಪಿಸುತ್ತದೆ?

ಕರ್ಮಸ್ವರೂಪದ ವ್ಯತ್ಯಾಸವು ಆಳದ ಇನ್ನೊಂದು ವ್ಯತ್ಯಾಸದ ಕುರುಹು. ಅದನ್ನು ಸ್ಪಷ್ಟವಾಗಿ ತೋರಿಸುವ ಸಾಮಗ್ರಿ ದೊರೆಯುವುದು ನಿಘಂಟುಗಳಲ್ಲಲ್ಲ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಾಡಿಗೆ ಕಾನೂನಿನಲ್ಲಿ. ಅಲ್ಲಿ ‘ರಿಪೇರ್’ ಪದವು ಕರಾರಿನ ಹೊಣೆಯಾಗಿರುವುದರಿಂದ ಅದರ ಎಲ್ಲೆಯನ್ನು ನ್ಯಾಯಾಲಯಗಳು ಮತ್ತೆ ಮತ್ತೆ ಗುರುತಿಸಬೇಕಾಗಿದೆ.

1911ರ ಲರ್ಕಾಟ್ ವಿರುದ್ಧ ವೇಕ್ಲಿ ಪ್ರಕರಣದಲ್ಲಿ ಹಳೆಯ ಮನೆಯೊಂದರ ಮುಂಗೋಡೆಯನ್ನು ಕೆಡವಿ ಕಟ್ಟುವುದು ‘ರಿಪೇರ್’ ಆಗುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಇಡೀ ವಸ್ತುವಿನ ಅಧೀನ ಭಾಗಗಳನ್ನು ಹೊಸದಾಗಿಸುವುದು ‘ರಿಪೇರ್’, ಬಹುಮಟ್ಟಿಗೆ ಇಡೀ ವಸ್ತುವನ್ನೇ ಮರಳಿ ಕಟ್ಟುವುದು ‘ರಿನ್ಯೂವಲ್’ ಎಂಬ ವಿವೇಚನೆ ಅಲ್ಲಿ ನೆಲೆಗೊಂಡಿತು. ಅರ್ಥವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ, ಕ್ರಿಯೆಯ ಉದ್ದಕ್ಕೂ ವಸ್ತುವಿನ ಅನನ್ಯತೆ ಉಳಿದಿರಬೇಕು ಎಂಬುದು ‘ರಿಪೇರ್’ ಪದದ ಒಂದು ಪೂರ್ವಕಲ್ಪನೆ.

ನಮ್ಮ ಚರ್ಚೆಗೆ ಇನ್ನೂ ಹತ್ತಿರದ್ದು 1985ರ ಕ್ವಿಕ್ ವಿರುದ್ಧ ಟ್ಯಾಫ್ ಈಲಿ ಬರೋ ಕೌನ್ಸಿಲ್ ತೀರ್ಪು. ವೇಲ್ಸ್‌ನ ಒಂದು ಬಾಡಿಗೆ ಮನೆ. ಲೋಹದ ಚೌಕಟ್ಟಿನ ಕಿಟಕಿಗಳು, ಉಷ್ಣನಿರೋಧಕವಿಲ್ಲದ ಕಾಂಕ್ರೀಟು ತೊಲೆಗಳು. ಇವುಗಳ ಮೇಲೆ ಹನಿಗಟ್ಟಿದ ತೇವದಿಂದ ಒಳಗಿನ ಬಣ್ಣ, ಹಾಸಿಗೆ, ಪೀಠೋಪಕರಣಗಳು ಕೊಳೆಯುತ್ತಿದ್ದವು. ಮನೆಯು ವಾಸಯೋಗ್ಯವಾಗಿಲ್ಲವೆಂಬುದರಲ್ಲಿ ಹೆಚ್ಚಿನ ವಿವಾದವಿರಲಿಲ್ಲ. ಆದರೂ ಮೇಲ್ಮನವಿ ನ್ಯಾಯಾಲಯವು ಬಾಡಿಗೆದಾರರ ಪರವಾಗಿ ನಿಲ್ಲಲಿಲ್ಲ. ಕಿಟಕಿಯ ಚೌಕಟ್ಟಾಗಲಿ ತೊಲೆಯಾಗಲಿ ಮೊದಲಿದ್ದ ಸ್ಥಿತಿಗಿಂತ ಕೆಟ್ಟಿರಲಿಲ್ಲ. ಅವು ಕಟ್ಟಿದಾಗ ಹೇಗಿದ್ದವೋ ಹಾಗೆಯೇ ಇದ್ದವು. ಕೆಡದಿರುವುದಕ್ಕೆ ‘ರಿಪೇರ್’ ಇಲ್ಲ. ಇಂಗ್ಲೆಂಡಿನ ಮಟ್ಟಿಗೆ ಈ ಅಂತರವನ್ನು ತುಂಬಲು 2018ರಲ್ಲಿ ವಾಸಯೋಗ್ಯತೆಯ ಬಗೆಗೇ ಪ್ರತ್ಯೇಕ ಕಾಯಿದೆ ಬರಬೇಕಾಯಿತು.

ಇದೇ ಸಂದರ್ಭದಲ್ಲಿ ‘ಫಿಕ್ಸ್’ ಪದವನ್ನಿಟ್ಟು ನೋಡಬೇಕು. ಆ ಮನೆಯ ತೇವದ ತೊಂದರೆಯನ್ನು ‘ಫಿಕ್ಸ್’ ಮಾಡಿ ಎಂದು ಬಾಡಿಗೆದಾರ ಕೇಳುವುದರಲ್ಲಿ ಭಾಷಿಕವಾಗಿ ಯಾವ ಅಸಂಗತಿಯೂ ಇಲ್ಲ. ಒಂದೇ ಮನೆ, ಒಂದೇ ದೋಷ, ಒಂದೇ ಪರಿಹಾರ; ಒಂದು ಪದ ಸಲ್ಲುತ್ತದೆ, ಇನ್ನೊಂದು ಸಲ್ಲುವುದಿಲ್ಲ. ಸತ್ಯಾಸತ್ಯತೆಯನ್ನು ಕೆಡಿಸದ ಆದೇಶ ಎಂಬ ನಿರೂಪಣೆಗೆ ಇದಕ್ಕಿಂತ ನೇರವಾದ ಪ್ರತ್ಯುದಾಹರಣೆ ಬೇಕಿಲ್ಲ.

ಹಾಗಾದರೆ ‘ರಿಪೇರ್’ ಪದವು ವಸ್ತುವಿನ ಹಿಂದಿನ ಒಳ್ಳೆಯ ಸ್ಥಿತಿಯನ್ನು ಪೂರ್ವಕಲ್ಪಿಸುತ್ತದೆ ಎಂದರೆ ಸಾಕೇ? ಕಾನೂನಿನ ಅರ್ಥಕ್ಕೆ ಸಾಕು. ಸಾಮಾನ್ಯ ಬಳಕೆಗೆ ಸಾಲದು. ಶಸ್ತ್ರವೈದ್ಯರು ಸೀಳುತುಟಿಯನ್ನು, ಹುಟ್ಟಿನಿಂದಲೇ ಹೃದಯದ ಗೋಡೆಯಲ್ಲಿರುವ ರಂಧ್ರವನ್ನು ‘ರಿಪೇರ್’ ಮಾಡುತ್ತಾರೆ. ಆ ಶಿಶುವಿಗೆ ಹಿಂದೊಂದು ಒಳ್ಳೆಯ ಸ್ಥಿತಿ ಇರಲಿಲ್ಲ. ಕಾರ್ಖಾನೆಯಿಂದಲೇ ದೋಷದೊಡನೆ ಬಂದ ಫೋನನ್ನು ವಾರಂಟಿಯಲ್ಲಿ ‘ರಿಪೇರ್’ ಮಾಡುವುದೂ ಹೀಗೆಯೇ. ಆದ್ದರಿಂದ ನಾವು ಪೂರ್ವಕಲ್ಪನೆಯನ್ನು ಬೇರೆ ರೀತಿಯಲ್ಲಿ ನಿರೂಪಿಸಬಯಸುತ್ತೇವೆ: ‘ರಿಪೇರ್’ ಬಯಸುವುದು ವಸ್ತುವಿನ ಈಗಿನ ಸ್ಥಿತಿಗೂ ಆ ಜಾತಿಯ ವಸ್ತುವಿನ ವಿನ್ಯಾಸಕ್ಕೂ ನಡುವಣ ಅಂತರವನ್ನು. ಸೀಳುತುಟಿಯಲ್ಲಿ ಈ ಅಂತರವಿದೆ; ಕೆಟ್ಟ ಫೋನಿನಲ್ಲಿ ಇದೆ; ಕ್ವಿಕ್ ಪ್ರಕರಣದ ಮನೆಯಲ್ಲಿ ಇಲ್ಲ, ಏಕೆಂದರೆ ಅಲ್ಲಿ ವಿನ್ಯಾಸವೇ ದೋಷಪೂರಿತ, ಮನೆ ಅದಕ್ಕೆ ಅನುಗುಣವಾಗಿಯೇ ಇದೆ. ನ್ಯಾಯಾಲಯವು ಇದಕ್ಕಿಂತ ಬಿಗಿಯಾದ, ನಿಜವಾಗಿ ಸಂಭವಿಸಿದ ಕ್ಷಯವನ್ನು ಕೇಳಿತು. ಆದರೆ ಈ ಮನೆಯ ಮಟ್ಟಿಗೆ ಸಾಮಾನ್ಯ ಬಳಕೆಯ ಅರ್ಥವೂ ಕಾನೂನಿನ ಅರ್ಥವೂ ಒಂದೇ ಉತ್ತರವನ್ನು ಕೊಡುತ್ತವೆ.

‘ಫಿಕ್ಸ್’ ಪದಕ್ಕೆ ವಿನ್ಯಾಸದ ಹಂಗಿಲ್ಲ. ವಸ್ತುವಾಗಲಿ ವ್ಯವಸ್ಥೆಯಾಗಲಿ ಬಳಸುವವರ ಉದ್ದೇಶಕ್ಕೆ ಒದಗುತ್ತಿಲ್ಲ ಎಂಬಷ್ಟೇ ಅದಕ್ಕೆ ಬೇಕಾದ ಪೂರ್ವಕಲ್ಪನೆ. ತಂತ್ರಾಂಶದ ದೋಷವು ಬಹುಪಾಲು ಬರೆಯುವಾಗಲೇ ಉಂಟಾದದ್ದು, ಬಳಕೆಯಿಂದ ಸವೆದು ಬಂದದ್ದಲ್ಲ. ಅದನ್ನು ಹೇಳುವಾಗ ‘ಫಿಕ್ಸ್’ ಸಹಜವಾಗಿರುವುದಕ್ಕೂ ‘ರಿಪೇರ್’ ಒಗ್ಗದಿರುವುದಕ್ಕೂ ಕಾರಣ ಇದೇ ಇರಬೇಕು. ಪದದ ಚರಿತ್ರೆಯೂ ಇದಕ್ಕೆ ಪೂರಕ. ನೆಡು, ಬಿಗಿಯಾಗಿ ನಿಲ್ಲಿಸು ಎಂಬ ಅರ್ಥದ ಲ್ಯಾಟಿನ್ ‘ಫಿಗೆರೆ’ ಧಾತುವಿನಿಂದ ಬಂದ ಈ ಪದವು ಅಣಿಗೊಳಿಸು ಎಂಬ ಅರ್ಥವನ್ನು ಹಾದು, ಅಮೆರಿಕದ ಬಳಕೆಯಲ್ಲಿ ಸರಿಪಡಿಸು ಎಂಬ ಅರ್ಥಕ್ಕೆ ಬಂದಿತು. ಹಿಂದಿನ ಸ್ಥಿತಿಯ ನೆನಪು ಅದರ ಅರ್ಥದಲ್ಲಿ ಮೊದಲಿನಿಂದಲೂ ಇರಲಿಲ್ಲ. ‘ಕರೆಕ್ಟ್’ ಇವೆರಡರಿಂದಲೂ ಭಿನ್ನ: ನೇರ್ಪುಗೊಳಿಸುವುದು ಎಂಬ ಮೂಲಾರ್ಥಕ್ಕೆ ತಕ್ಕಂತೆ ಅದು ವಸ್ತುವಿನ ಹೊರಗಿರುವ ನಿಯಮವನ್ನು ಅಳತೆಗೋಲಾಗಿ ಹಿಡಿಯುತ್ತದೆ. ಅದಕ್ಕಾಗಿಯೇ ಪಠ್ಯ, ಉಚ್ಚಾರಣೆ, ನಡತೆಗಳು ಅದಕ್ಕೆ ಕರ್ಮವಾಗುತ್ತವೆ, ಚಾವಣಿ ಆಗುವುದಿಲ್ಲ.

4. ಕೂಡುವುದು, ಮುಚ್ಚುವುದು, ಮರಳುವುದು

‘ಮೆಂಡ್’ ಪದವು ‘ಅಮೆಂಡ್’ ಪದದ ಆದಿಸ್ವರ ಬಿದ್ದು ಉಳಿದ ರೂಪ. ಲ್ಯಾಟಿನ್ ‘ಎಮೆಂಡಾರೆ’ಯಲ್ಲಿ ಅದರ ಬೇರಿದೆ. ಒಂದೇ ಮೂಲದ ಈ ಎರಡು ರೂಪಗಳು ಕೆಲಸವನ್ನು ಹಂಚಿಕೊಂಡಿವೆ: ‘ಅಮೆಂಡ್’ ಶಾಸನ ಮತ್ತು ಪಠ್ಯಗಳಿಗೆ ಹೋಯಿತು, ‘ಮೆಂಡ್’ ಬಟ್ಟೆ, ಬಲೆ, ಬೇಲಿ, ಪಾತ್ರೆಗಳ ಬಳಿ ಉಳಿಯಿತು. ಬ್ರಿಟಿಷ್ ಬಳಕೆಯಲ್ಲಿ ‘ಮೆಂಡ್’ ಸೈಕಲ್ಲು, ಕೆಟಲ್ಲುಗಳವರೆಗೂ ಹಬ್ಬಿದೆ. ಅಮೆರಿಕದಲ್ಲಿ ಅಂತಹ ಕಡೆ ‘ಫಿಕ್ಸ್’ ಬರುತ್ತದೆ. ಎಂಟೂ ಪದಗಳನ್ನು ಒಂದೇ ಗಣದಲ್ಲಿಡುವಾಗ ಈ ಪ್ರಾದೇಶಿಕ ಹಂಚಿಕೆಗೂ ಅಲ್ಲಿ ಸ್ಥಾನವಿಲ್ಲ.

ವಾಕ್ಯರಚನೆಯಲ್ಲಿ ‘ಮೆಂಡ್’ ಪದಕ್ಕೆ ಒಂದು ವಿಶೇಷವಿದೆ. ಗಣದ ಮುಖ್ಯ ಪದಗಳಲ್ಲಿ ಈ ಅರ್ಥದಲ್ಲಿ ಅಕರ್ಮಕವಾಗಿ ನಿಲ್ಲಬಲ್ಲದ್ದು ಅದೊಂದೇ:

(5) ದ ಬೋನ್ ಈಸ್ ಮೆಂಡಿಂಗ್ / *ದ ಬೋನ್ ಈಸ್ ಫಿಕ್ಸಿಂಗ್ / *ದ ಬೋನ್ ಈಸ್ ರಿಪೇರಿಂಗ್

ಮುರಿದ ಮೂಳೆ ಕರ್ತೃವಿನ ಕೈಯಿಲ್ಲದೆ ತಾನೇ ಕೂಡಿಕೊಳ್ಳುತ್ತದೆ. ‘ರಿಪೇರ್’ ಇಲ್ಲಿ ಬರಬೇಕಾದರೆ ‘ಇಟ್‌ಸೆಲ್ಫ್’ ಎಂಬ ಆತ್ಮಾರ್ಥಕ ಬೇಕು. ಅಂದರೆ ಕರ್ತೃಸ್ಥಾನವನ್ನು ಯಾರಾದರೂ ತುಂಬಲೇಬೇಕು. ಒಂದು ಪದ ಘಟನೆಯ ಫಲವನ್ನಷ್ಟೇ ಹೇಳಬಲ್ಲದು, ಉಳಿದವು ಕರ್ತೃವನ್ನು ಬಿಡಲಾರವು ಎಂಬಲ್ಲಿಗೆ ಇವುಗಳ ಘಟನಾರಚನೆಯೇ ಬೇರೆ ಎಂದಾಯಿತು.

‘ಪ್ಯಾಚ್’ ಈ ಗಣದೊಳಗಿಲ್ಲದಿದ್ದರೂ ಅದರ ಅಂಚನ್ನು ತೋರಿಸುತ್ತದೆ. ಅದು ತೇಪೆ ಹಚ್ಚುವ ರೀತಿಯನ್ನು ಹೇಳುತ್ತದೆ. ಫಲ ಪೂರ್ಣವಾಯಿತೆಂದು ಹೇಳುವುದಿಲ್ಲ. ಆದ್ದರಿಂದ ‘ಪ್ಯಾಚ್ ಮಾಡಿದರು, ರಿಪೇರ್ ಮಾಡಲಿಲ್ಲ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯದಲ್ಲಿ ವಿರೋಧವಿಲ್ಲ. ಇದೇ ಪರೀಕ್ಷೆಯನ್ನು ಮೇಲಕ್ಕೆ ಒಯ್ದರೆ ‘ರಿಪೇರ್ ಮಾಡಿದರು, ರಿಸ್ಟೋರ್ ಮಾಡಲಿಲ್ಲ’ ಎಂಬುದೂ ಸಂಗತವೇ. ಸಮಾನಾರ್ಥಗಳ ನಡುವೆ ಇಂತಹ ನಿಷೇಧ ಸಾಧ್ಯವಾಗಬಾರದಿತ್ತು. ಡಿ. ಎ. ಕ್ರೂಸ್ 1986ರ ತಮ್ಮ ಗ್ರಂಥದಲ್ಲಿ ಪೂರ್ಣ ಸಮಾನಾರ್ಥದಿಂದ ಸಮೀಪಾರ್ಥವನ್ನು ಬೇರ್ಪಡಿಸುವುದು ಇಂತಹ ಪದಗಳಿಗಾಗಿಯೇ.

‘ರಿಪೇರ್’ ಮತ್ತು ‘ರಿಸ್ಟೋರ್’ ಪದಗಳ ಅಂತರವನ್ನು ಇಂಗ್ಲಿಷ್ ಸಮಾಜವೇ ಒಂದು ಹೋರಾಟವಾಗಿ ಬದುಕಿದೆ. ಮಧ್ಯಯುಗದ ಚರ್ಚುಗಳನ್ನು ‘ರಿಸ್ಟೋರ್’ ಮಾಡುವ ಹೆಸರಿನಲ್ಲಿ ನಂತರದ ಶತಮಾನಗಳ ಪದರಗಳನ್ನು ಕೆರೆದುಹಾಕುತ್ತಿದ್ದುದನ್ನು ವಿರೋಧಿಸಿ ವಿಲಿಯಂ ಮಾರಿಸ್ ಮತ್ತು ಸಂಗಡಿಗರು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿದರು. ಜಾನ್ ರಸ್ಕಿನ್ 1849ರಲ್ಲಿಯೇ ಇಂತಹ ಆಕ್ಷೇಪವನ್ನು ಎತ್ತಿದ್ದರು. ಸಂಘದ ನಿಲುವಿನ ತಿರುಳನ್ನು ನಮ್ಮ ಪರಿಭಾಷೆಯಲ್ಲಿ ಹೀಗೆ ಹೇಳಬಹುದು: ‘ರಿಪೇರ್’ ಕ್ಷಯವನ್ನು ತಡೆದು ನಿಲ್ಲುತ್ತದೆ, ‘ರಿಸ್ಟೋರ್’ ನಿರ್ದಿಷ್ಟವಾದ ಒಂದು ಗತಸ್ಥಿತಿಯನ್ನು ಗಮ್ಯವಾಗಿ ಇಟ್ಟುಕೊಂಡು ಅದರತ್ತ ನಡೆಯುತ್ತದೆ. ವಾಕ್ಯರಚನೆ ಇದನ್ನು ದೃಢಪಡಿಸುತ್ತದೆ:

(6) ರಿಸ್ಟೋರ್ ದ ಹೌಸ್ ಟು ಇಟ್ಸ್ ಫಾರ್ಮರ್ ಸ್ಟೇಟ್ / *ರಿಪೇರ್ ದ ಹೌಸ್ ಟು ಇಟ್ಸ್ ಫಾರ್ಮರ್ ಸ್ಟೇಟ್

ಗಮ್ಯವಾಚಕ ಪದಪುಂಜವನ್ನು ‘ರಿಸ್ಟೋರ್’ ಮಾತ್ರ ಸ್ವೀಕರಿಸುತ್ತದೆ. ‘ಫಿಕ್ಸ್’ ಪದದೊಡನೆ ‘ಟು’ ಬಂದರೆ ಅರ್ಥವೇ ಬದಲಾಗಿ, ಒಂದನ್ನು ಇನ್ನೊಂದಕ್ಕೆ ಜೋಡಿಸುವುದು ಎಂದಾಗುತ್ತದೆ. ಇಷ್ಟಾದ ಮೇಲೆ, ಗಣದ ವಿವರಣೆಯಲ್ಲಿ ‘ರಿಸ್ಟೋರ್’ ಪದವನ್ನೇ ಬಳಸಿ ಉಳಿದವನ್ನು ವಿವರಿಸುವ ಕ್ರಮವು ವಿಶೇಷವನ್ನು ಸಾಮಾನ್ಯದ ಸ್ಥಾನದಲ್ಲಿ ಕೂರಿಸಿದಂತೆ ಆಗುತ್ತದೆ.

5. ನಮ್ಮದೇ ಪರಿಭಾಷೆ

ಈ ಭೇದಗಳು ಭಾಷಾವಿಜ್ಞಾನಿಗಳಿಗೆ ಕೇವಲ ಸಾಮಗ್ರಿಯಲ್ಲ. ನಮ್ಮ ಪರಿಭಾಷೆಯೂ ಇವುಗಳ ಮೇಲೆ ನಿಂತಿದೆ. ಷೆಗ್ಲಾಫ್, ಜೆಫರ್ಸನ್, ಸ್ಯಾಕ್ಸ್ ಅವರು 1977ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವು ಸಂವಾದದಲ್ಲಿನ ‘ಕರೆಕ್ಷನ್’ ಎಂಬುದಕ್ಕಿಂತ ‘ರಿಪೇರ್’ ವಿಶಾಲವಾದ ಪರಿಕಲ್ಪನೆ ಎಂದು ಖಚಿತವಾಗಿ ಬೇರ್ಪಡಿಸಿತು. ಕೇಳಿಸದ ಮಾತನ್ನು ಮತ್ತೆ ಹೇಳಿಸಿಕೊಳ್ಳುವುದು, ನೆನಪಿಗೆ ಬಾರದ ಹೆಸರಿಗಾಗಿ ತಡವರಿಸುವುದು, ಇವುಗಳಲ್ಲಿ ತಪ್ಪೇ ಇಲ್ಲ, ಆದರೂ ‘ರಿಪೇರ್’ ಇದೆ. ಕಣ್ಣಿಗೆ ಕಾಣುವ ಎಷ್ಟೋ ತಪ್ಪುಗಳು ‘ರಿಪೇರ್’ ಇಲ್ಲದೆಯೇ ಹಾದುಹೋಗುತ್ತವೆ.

ಮೂರನೆಯ ಭಾಗದ ನಮ್ಮ ನಿರೂಪಣೆ ಈ ಆಯ್ಕೆಯ ಔಚಿತ್ಯವನ್ನು ವಿವರಿಸಬಲ್ಲದು. ತಿದ್ದಿಸಿಕೊಳ್ಳುವುದು ವಾಕ್ಯ, ಅದರ ಅಳತೆಗೋಲು ವ್ಯಾಕರಣ ಅಥವಾ ವಾಸ್ತವ. ‘ರಿಪೇರ್’ ಆಗುವುದು ಸಂವಾದ. ಅದರ ಅಳತೆಗೋಲು ಪರಸ್ಪರ ಅರಿವು ಕಡಿಯದಂತೆ ಮುಂದುವರಿಯಬೇಕೆಂಬ ಸಂವಾದದ್ದೇ ವಿನ್ಯಾಸ. ಆದ್ದರಿಂದ ಈ ಪರಿಭಾಷೆಯನ್ನು ಕನ್ನಡದಲ್ಲಿ ‘ತಿದ್ದುಪಡಿ’ ಎಂದು ಕರೆದರೆ, ಲೇಖಕರು ಯಾವುದನ್ನು ನಿರಾಕರಿಸಿದರೋ ಅದನ್ನೇ ಅವರ ಬಾಯಲ್ಲಿ ಇಟ್ಟಂತಾಗುತ್ತದೆ.

ವಾಕ್ಯರಚನಾಶಾಸ್ತ್ರದಲ್ಲಿ ಮಾತ್ರ ಪದ ಅಷ್ಟು ಚೆನ್ನಾಗಿ ಹೊಂದಿಲ್ಲ. ದ್ವೀಪ ನಿರ್ಬಂಧದ ಉಲ್ಲಂಘನೆಯು ಲೋಪದಿಂದ ಶಮನಗೊಳ್ಳುವುದನ್ನು ಜಾನ್ ರಾಸ್ 1969ರಲ್ಲಿ ಗಮನಿಸಿದರು. ಈಗ ಅದಕ್ಕೆ ‘ರಿಪೇರ್’ ಎಂಬ ಹೆಸರೇ ರೂಢಿಯಲ್ಲಿದೆ. ಆದರೆ ಅಲ್ಲಿ ಕೆಟ್ಟ ರಚನೆ ಸರಿಯಾಗುವುದಿಲ್ಲ, ಉಚ್ಚಾರಣೆಯಿಂದ ಮರೆಯಾಗುತ್ತದೆ ಅಷ್ಟೆ. ದಿನಬಳಕೆಯ ಅರ್ಥದಲ್ಲಿ ಅದು ‘ಪ್ಯಾಚ್’ ಕೂಡ ಅಲ್ಲ. ರೂಪಕವು ಸಿದ್ಧಾಂತದ ಒಂದು ನಿಲುವನ್ನು, ಅಂದರೆ ಉಲ್ಲಂಘನೆ ನಿಜವಾಗಿಯೂ ಇಲ್ಲವಾಗುತ್ತದೆ ಎಂಬುದನ್ನು, ವಾದವಿಲ್ಲದೆ ಒಳತರುತ್ತಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

6. ಕನ್ನಡದ ಕಡೆಗೆ

ಇಂಡೋವರ್ಡ್‌ನೆಟ್ ಬಹುಮಟ್ಟಿಗೆ ಹಿಂದಿ ವರ್ಡ್‌ನೆಟ್‌ನ ಗಣಗಳನ್ನು ಇತರ ಭಾಷೆಗಳಿಗೆ ವಿಸ್ತರಿಸುವ ಕ್ರಮದಲ್ಲಿ ಬೆಳೆದಿದೆ. ಕನ್ನಡವೂ ಅದರಲ್ಲಿ ಸೇರಿದೆ. ಒಂದು ಭಾಷೆಯ ಗಣವನ್ನು ಇನ್ನೊಂದರ ಅಚ್ಚಾಗಿ ಬಳಸುವ ಯಾವುದೇ ಕ್ರಮಕ್ಕೆ ಈ ಕ್ಷೇತ್ರ ಒಂದು ಕಠಿಣ ಪರೀಕ್ಷೆ.

ಮೊದಲಿಗೆ ಎರವಲುಗಳನ್ನೇ ನೋಡಬಹುದು. ಕನ್ನಡದ ‘ಫಿಕ್ಸ್’ ಸರಿಪಡಿಸುವ ಅರ್ಥವನ್ನು ಸಾಮಾನ್ಯವಾಗಿ ತಂದುಕೊಂಡಿಲ್ಲ. ಫ್ಯಾನ್ ಫಿಕ್ಸ್ ಮಾಡುವುದೆಂದರೆ ಕೂರಿಸುವುದು. ಮದುವೆ ಫಿಕ್ಸ್ ಆಯಿತೆಂದರೆ ನಿಶ್ಚಯವಾಯಿತು. ಲ್ಯಾಟಿನ್ ಮೂಲದ ಬಿಗಿಗೊಳಿಸುವ ಅರ್ಥಕ್ಕೆ ನಮ್ಮ ಎರವಲು ಅಮೆರಿಕದ ಬಳಕೆಗಿಂತ ಹತ್ತಿರದಲ್ಲಿದೆ. ‘ರಿಪೇರಿ’ಯಾದರೋ ನಾಮಪದವಾಗಿ ಬೇರೂರಿ, ‘ಗಾಡಿ ರಿಪೇರಿಗೆ ಬಂದಿದೆ’ ಎಂಬಲ್ಲಿ ಕೆಟ್ಟಿರುವುದನ್ನೇ ಹೇಳುತ್ತದೆ. ‘ಅವನನ್ನು ರಿಪೇರಿ ಮಾಡುತ್ತೇನೆ’ ಎಂಬ ಬೆದರಿಕೆಯಲ್ಲಿ ಮನುಷ್ಯನನ್ನು ಕರ್ಮವಾಗಿ ಪಡೆದು ‘ಕರೆಕ್ಟ್’ ಪದದ ಕ್ಷೇತ್ರವನ್ನು ಪ್ರವೇಶಿಸುತ್ತದೆ.

ಫಾರಸಿ ಮೂಲದ ‘ದುರಸ್ತಿ’ಯನ್ನು ‘ರಿಪೇರ್’ ಪದದ ನೇರ ಪರ್ಯಾಯವೆಂದು ಭಾವಿಸುವುದು ಸಾಮಾನ್ಯ. ರಸ್ತೆ ದುರಸ್ತಿಯಲ್ಲಿ ಅದು ಸರಿ. ಆದರೆ ಕಂದಾಯ ಇಲಾಖೆಯ ‘ಪೋಡಿ ದುರಸ್ತಿ’ಯಲ್ಲಿ ಸರಿಹೋಗುವುದು ಜಮೀನಿನ ಅಳತೆ ಮತ್ತು ದಾಖಲೆ. ಅದನ್ನು ‘ರಿಪೇರ್’ ಎಂದು ಅನುವಾದಿಸಿದರೆ ಇಂಗ್ಲಿಷ್ ಓದುಗನಿಗೆ ಕಾಗದ ಹರಿದಿತ್ತೆಂಬ ಅರ್ಥ ಬಂದೀತು. ಅಲ್ಲಿ ಬೇಕಾದದ್ದು ‘ರೆಕ್ಟಿಫೈ’. ಹಾಗೆಯೇ ‘ಜೀರ್ಣೋದ್ಧಾರ’ವು ಕ್ಷಯವನ್ನು ಪೂರ್ವಕಲ್ಪಿಸುತ್ತದೆ, ಆದರೆ ಗತಸ್ಥಿತಿಯನ್ನು ಗಮ್ಯವಾಗಿಸುವುದಿಲ್ಲ. ಜೀರ್ಣೋದ್ಧಾರಗೊಂಡ ದೇಗುಲಕ್ಕೆ ಹೊಸ ಗೋಪುರ ಬಂದರೂ ಪದಕ್ಕೆ ಭಂಗವಿಲ್ಲ. ಉಳಿಯಬೇಕಾದದ್ದು ಕಲ್ಲಿನ ರೂಪವಲ್ಲ, ಸನ್ನಿಧಿ. ‘ರಿಸ್ಟೋರ್’ ಪದಕ್ಕೆ ಇದನ್ನು ಸಮಾನವಾಗಿಸಿದರೆ ಎರಡೂ ಸಮಾಜಗಳ ವಾದ ಅರ್ಥವಾಗದೆ ಹೋಗುತ್ತದೆ. ಇಷ್ಟರ ನಡುವೆ ‘ತಿದ್ದು’ ಮಾತ್ರ ‘ಕರೆಕ್ಟ್’ ಪದಕ್ಕೆ ಗಮನಾರ್ಹವಾಗಿ ಹತ್ತಿರವಿದೆ: ಬರಹವನ್ನೂ ಮಗುವನ್ನೂ ತಿದ್ದಬಹುದು, ಕುರ್ಚಿಯನ್ನು ತಿದ್ದಲಾಗದು.

7. ಉಪಸಂಹಾರ

ಮುರಿದ ಕುರ್ಚಿಯಂತಹ ಒಂದು ಅನುಕೂಲಕರ ಸಂದರ್ಭದಲ್ಲಿ ಪದಗಳು ಒಂದಾಗುತ್ತವೆ ಎಂಬುದರಿಂದ ಅವು ಒಂದೇ ಅರ್ಥದವು ಎಂದು ಸಿದ್ಧವಾಗುವುದಿಲ್ಲ. ಕರ್ಮವು ಆಶ್ರಯವೋ ದೋಷವೋ, ಅಂತರವನ್ನು ಅಳೆಯುವುದು ವಿನ್ಯಾಸದಿಂದಲೋ ಉದ್ದೇಶದಿಂದಲೋ ನಿಯಮದಿಂದಲೋ, ಕ್ರಿಯೆ ಎಲ್ಲಿಗೆ ಮುಗಿಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಪ್ರತಿ ಪದಕ್ಕೂ ಕೇಳಿ ಉತ್ತರವನ್ನು ನಮೂದಿಸುವುದು ಗಣದ ಪಟ್ಟಿಗಿಂತ ಹೆಚ್ಚು ಉಪಯುಕ್ತ. ಈ ಕೆಲಸಕ್ಕೆ ಫಿಲ್ಮೋರ್ ಅವರ ಚೌಕಟ್ಟು ಅರ್ಥವಿಜ್ಞಾನದಲ್ಲಿ ಬೇಕಾದ ಸಲಕರಣೆ ಈಗಾಗಲೇ ಇದೆ. ದ್ವಿಭಾಷಿಕ ನಿಘಂಟಿನ ನಮೂದುಗಳಲ್ಲಿ ಪರ್ಯಾಯ ಪದಗಳ ಸಾಲಿಗೆ ಬದಲಾಗಿ ಈ ಮೂರು ಉತ್ತರಗಳನ್ನು ಎರಡೂ ಭಾಷೆಗಳಿಗೆ ಕೊಟ್ಟರೆ, ‘ದುರಸ್ತಿ’ ಎಲ್ಲಿ ‘ರಿಪೇರ್’ ಆಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದು ನಮೂದಿನಲ್ಲಿಯೇ ಕಾಣುತ್ತದೆ.

ಕ್ವಿಕ್ ಪ್ರಕರಣದ ಬಾಡಿಗೆದಾರರಿಗೆ ಬೇಕಾದದ್ದು ತೇವವಿಲ್ಲದ ಮನೆ. ಕಾನೂನು ಅವರಿಗೆ ಕೊಟ್ಟಿದ್ದ ಪದ ಆ ಬೇಡಿಕೆಯನ್ನು ಒಳಗೊಳ್ಳುತ್ತಿರಲಿಲ್ಲ. ಎರಡು ಪದಗಳನ್ನು ಸಮಾನವೆಂದು ಬರೆಯುವ ಮುನ್ನ, ಯಾವ ಸಂದರ್ಭದಲ್ಲಿ ಅವು ಬೇರೆಯಾಗುತ್ತವೆ ಎಂಬುದನ್ನು ಹುಡುಕಿ ನೋಡುವುದು ನಿಘಂಟುಕಾರರ ಹೊಣೆ.